ಕರ್ಣ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗ

ಹೋದ ತಿಂಗಳು ಮೊಮ್ಮಗನ ಸ್ಕೂಲ್ ಡೇಗೆ ಹೋಗಿದ್ದೆ. ಅವನದು ಭೀಮನ ವೇಷ. ಟೀಚರಮ್ಮ ಒಂದು ಪುಟ್ಟ ಬಾಟಲಿ ತೆಗೆದು ಅವನ ತುಟಿಯ ಮೇಲೆ ಮೀಸೆ ಅಂಟಿಸುವ ಗೋಂದು ಹಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಪಕ್ಕದಲ್ಲಿದ್ದ ಸೊಸೆ ಏನಾಯ್ತು ಅತ್ತೆ ಅಂದಳು. ಸೆಕೆ ಅಂದೆ. ನಿಜಕ್ಕೂ ನನಗೆ ನೆನಪಾಗಿದ್ದು ಬೈರಾಪಟ್ಟಣದ ಒಂದು ಬೇಸಿಗೆ. ಕೊರೊನಾ ಮುಗಿದು ನಾಟಕಗಳು ಮತ್ತೆ ಶುರುವಾದ ವರ್ಷ ಅದು. ಗವಿಯಪ್ಪ ಮೇಷ್ಟ್ರ ಕಡೆಯ ವರ್ಷವೂ ಹೌದು.

ನನ್ನದು ನಾಟಕದ ಕಸುಬು. ನಮ್ಮ ಕಡೆ ಊರೂರಲ್ಲಿ ಗಂಡಸರು ಕುರುಕ್ಷೇತ್ರ ಕಲಿತು ಆಡುತ್ತಾರೆ. ದುರ್ಯೋಧನ, ಭೀಮ, ಕರ್ಣ ಎಲ್ಲ ಊರಿನವರೇ. ಹೊಲ ಉಳುವವರು, ಡೈರಿಗೆ ಹಾಲು ಹಾಕುವವರು, ಆಟೋ ಓಡಿಸುವವರು. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ವಯಸ್ಸಿದ್ದಾಗ ನಾನು ದ್ರೌಪದಿ, ಕೂದಲು ನೆರೆತ ಮೇಲೆ ಕುಂತಿ. ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣ ನಾಲ್ಕೂ ತಾಲೂಕಿನ ಪಾಂಡವರಿಗೆ ತಾಯಿಯಾದವಳು ನಾನು. ಮನೆಯಲ್ಲಿ ಹೆಂಡತಿಯ ಮುಂದೆ ಬಾಯಿ ಬಿಡದ ಗಂಡಸು ತಲೆಗೊಂದು ಕಿರೀಟ ಬಂದ ಕೂಡಲೇ ಹೇಗೆ ಗುಡುಗುತ್ತಾನೆ ಅನ್ನುವುದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಈ ನಾಟಕಗಳಿಗೆಲ್ಲ ಜೀವ ಹಾರ್ಮೋನಿಯಂ ಮೇಷ್ಟ್ರು. ಪದ್ಯ ಕಲಿಸುವುದು, ಹಾಡಿಗೆ ಮಟ್ಟು ಕಟ್ಟುವುದು, ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ಹೇಳುವುದು, ಎಲ್ಲಾ ಅವರೇ. ಬೇರೆ ಮೇಷ್ಟ್ರುಗಳು ಜನಕ್ಕೆ ಗೊತ್ತಿರುವ ಹಳೇ ಮಟ್ಟುಗಳನ್ನೇ ಎಲ್ಲರಿಗೂ ಕಲಿಸಿ ಕೈತೊಳೆದುಕೊಳ್ಳುತ್ತಿದ್ದರು. ಗವಿಯಪ್ಪ ಮೇಷ್ಟ್ರು ಹಾಗಲ್ಲ. ಪಾತ್ರ ಮಾಡುವವನ ಮನೆಗೆ ಹೋಗಿ ಕೊಟ್ಟಿಗೆಯಲ್ಲಿ ಕೂತುಬಿಡುತ್ತಿದ್ದರು. "ಹಾಡೋದು ಆಮೇಲಾಯ್ತದೆ. ಮೊದ್ಲು ನಿನ್ನ ಎಮ್ಮೆ ಕರಿ ನೋಡಾನ" ಅನ್ನುತ್ತಿದ್ದರು. ಹಾಡು ಅಂದ ಕೂಡಲೇ ಮನುಷ್ಯ ಬೇರೆ ಯಾರದೋ ಗಂಟಲು ತಂದುಕೊಳ್ಳುತ್ತಾನೆ, ದನವನ್ನು ಕೂಗಿ ಕರೆಯುವಾಗ ಮಾತ್ರ ತನ್ನದೇ ಗಂಟಲು ಬರುತ್ತದೆ ಎಂಬುದು ಅವರ ಲೆಕ್ಕ. ಆ ಕೂಗು ಕೇಳಿ ಶ್ರುತಿ ಗೊತ್ತುಮಾಡಿಕೊಂಡು, ಆ ಒಬ್ಬನ ಗಂಟಲಿಗೆ, ಆ ಒಬ್ಬನ ಉಸಿರಿಗೆ ಮಟ್ಟು ಕಟ್ಟಿ ಕೊಡುತ್ತಿದ್ದರು. ಅಳತೆ ತೆಗೆದುಕೊಳ್ಳದೆ ಅಂಗಿ ಹೊಲಿದರೆ ಯಾರಿಗೆ ಕೂರುತ್ತದೆ ಎಂದು ಕೇಳುತ್ತಿದ್ದರು.

ಕನಕಪುರ ತಾಲೂಕಿನ ಕೋಡಿಹಳ್ಳಿ ಕಡೆಯ ಸಿದ್ದೇಗೌಡರಿಗೂ ಹಾಗೆಯೇ ಕಟ್ಟಿಕೊಟ್ಟಿದ್ದರು. ಗೌಡರಿಗೆ ಕರ್ಣನ ಪಾತ್ರದ ಹುಚ್ಚು. ಗಂಟಲೇನೋ ಬಂಗಾರ, ಆದರೆ ಎದೆಯಲ್ಲಿ ಗೂರಲು. ಒಂದು ಸಾಲು ಪೂರ್ತಿ ಹೇಳುವಷ್ಟರಲ್ಲಿ ಏದುಸಿರು ಬಂದುಬಿಡುತ್ತಿತ್ತು. ಬೇರೆಯವರಾಗಿದ್ದರೆ ಬೇರೆ ಪಾತ್ರ ಹಾಕು ಅಂತಿದ್ದರು. ಮೇಷ್ಟ್ರು ಅವರ ಕೊಟ್ಟಿಗೆಯಲ್ಲಿ ಎರಡು ದಿನ ಕೂತು ಒಂದು ಹಾಡಿಗೆ ಮಟ್ಟು ಕಟ್ಟಿಕೊಂಡು ಎದ್ದು ಬಂದರು. ಕುಂತಿ ತಾನೇ ತಾಯಿ ಎಂದು ಹೇಳಿಕೊಂಡಾಗ ಕರ್ಣ ಹಾಡುವ ಹಾಡು ಅದು:

ಹೆತ್ತ ಮಡಿಲಿಗೆ ಹೊತ್ತು ಮೀರಿತು ತಾಯೆ
ಹೊಳೆಗೆ ಕೊಟ್ಟ ಮಗನ...
ಕರೆವೆಯಾ ಈಗ

'ಮಗನ' ಎಂದ ಮೇಲೆ ಮಟ್ಟು ನಿಂತುಬಿಡುತ್ತದೆ. ಕರ್ಣ ಸೂರ್ಯನ ಮಗನಲ್ಲವೇ, ಅವನು ತಲೆಯೆತ್ತಿ ಸೂರ್ಯನ ಕಡೆ ನೋಡಬೇಕು. "ಜನ ಅಭಿನಯ ಅಂದ್ಕತ್ತಾರೆ. ನೀನು ಅಷ್ಟರಲ್ಲಿ ಒಸಿ ಉಸ್ರು ತಗೊ" ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ಕುಂತಿಯಾಗಿ ಎದುರಿಗೇ ನಿಂತಿರುತ್ತಿದ್ದೆನಲ್ಲ, ನನಗೆ ಕೇಳಿಸುತ್ತಿತ್ತು, ಎದೆಯೊಳಗಿನ ಸಿಳ್ಳು. ಜನಕ್ಕೆ ಕಾಣುತ್ತಿದ್ದದ್ದು ಮಾತ್ರ ಅಪ್ಪನನ್ನು ಹುಡುಕುವ ಮಗ. ಕೋಡಿಹಳ್ಳಿ ಕಡೆ ಆ ಜಾಗಕ್ಕೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಎರಡನೇ ಸಲ ಕೊರೊನಾ ಬಂದಾಗ ಸಿದ್ದೇಗೌಡರನ್ನು ಆಂಬುಲೆನ್ಸ್ ಕರೆದುಕೊಂಡು ಹೋಯಿತು. ಮನೆಯವರು ಮತ್ತೆ ಮುಖ ನೋಡಲಿಲ್ಲ. ಹಾಗೆ ಹೋದವರು ಅವರೊಬ್ಬರೇ ಅಲ್ಲ. ಮೇಷ್ಟ್ರು ಅಳತೆ ತೆಗೆದ ಗಂಟಲುಗಳು ಒಂದೊಂದಾಗಿ ಹೋದವು. ಮಾಗಡಿಯ ಶಕುನಿ ಹೋದ, ಚನ್ನಪಟ್ಟಣದ ಒಬ್ಬ ಕೃಷ್ಣ ಹೋದ. ಎರಡು ವರ್ಷ ಎಲ್ಲೂ ಪರದೆ ಏಳಲಿಲ್ಲ. ನಾನು ರೀಲಿಂಗ್ ಯೂನಿಟ್ಟಿನಲ್ಲಿ ಬೇಯಿಸಿದ ರೇಷ್ಮೆ ಗೂಡಿನಿಂದ ಎಳೆ ತೆಗೆಯುವ ಕೆಲಸಕ್ಕೆ ಹೋದೆ, ಕೈಯೆಲ್ಲ ಬೊಕ್ಕೆ ಎದ್ದವು. ಕುಂತಿಯ ಬಿಳಿ ಸೀರೆಯನ್ನು ಟ್ರಂಕಿನಲ್ಲಿ ಇಲಿ ಕಚ್ಚಿತ್ತು.

ಅಂಥ ಹೊತ್ತಲ್ಲಿ ಮೇಷ್ಟ್ರು ಫೋನ್ ಮಾಡಿ ಬೈರಾಪಟ್ಟಣದವರು ನಾಟಕ ಆಡುತ್ತಾರೆ, ಬರುತ್ತೀಯಾ ಅಂದಾಗ ಬಟ್ಟೆ ತುಂಬಿಕೊಳ್ಳಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅಲ್ಲಿ ಕರ್ಣನ ಪಾತ್ರ ನಾಗರಾಜುವಿನದು. ರೇಷ್ಮೆ ಹುಳ ಸಾಕುವ ಕುಟುಂಬ, ಊರಲ್ಲಿ ಮಾತು ನಡೆಯುವ ಮನುಷ್ಯ. ಎದೆ ಅಂದರೆ ಎದೆ, ಒಂದೇ ಉಸಿರಿಗೆ ಮೂರು ಸಾಲು ಹೇಳಿಬಿಡುತ್ತಿದ್ದ. ತಾಲೀಮಿನ ಮೊದಲ ಸಂಜೆ ಅವನು ಎದ್ದು ನಿಂತು ಹಾಡಿಗೆ ಬಾಯಿ ತೆಗೆದ. ನಾನು ಕೈಯಲ್ಲಿದ್ದ ಟೀ ಕೆಳಗಿಟ್ಟೆ. ಅದು ಸಿದ್ದೇಗೌಡರ ಮಟ್ಟು. ಅದೇ ಮಾತು, ಅದೇ ಏರು. 'ಮಗನ' ಎಂಬಲ್ಲಿ ಮಾತ್ರ ನಾಗರಾಜು ನಿಲ್ಲಲಿಲ್ಲ. ಆ ಖಾಲಿ ಜಾಗವನ್ನು ಉದ್ದ ಆಲಾಪದಿಂದ ತುಂಬಿಸಿ, ಕೈ ಸುತ್ತಿಸಿ, ಕೆಳಗಿಳಿದ. ಕಟ್ಟೆಯ ಮೇಲಿದ್ದ ಹುಡುಗರು ಶಿಳ್ಳೆ ಹೊಡೆದರು. ನಾನು ಮೇಷ್ಟ್ರನ್ನು ದುರುಗುಟ್ಟಿ ನೋಡಿದೆ. ಅವರು ಹಾರ್ಮೋನಿಯಂ ಮನೆಗಳ ಮೇಲೆ ಓಡುವ ಬೆರಳುಗಳಿಂದ ಕಣ್ಣೆತ್ತಲೇ ಇಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. ಸತ್ತವರ ಅಂಗಿ ತೆಗೆದು ಇನ್ನೊಬ್ಬರಿಗೆ ತೊಡಿಸಿದಿರಲ್ಲ ಮೇಷ್ಟ್ರೆ ಅಂದೆ. ಒರಟಾಗಿಯೇ ಅಂದೆ, ನನ್ನ ಬಾಯಿ ಅಷ್ಟೇ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಹಾಗೆಯೇ ಮೆಲ್ಲಗೆ ಹೇಳಿದರು.

"ಬತ್ತಾ ಇಲ್ಲ ಕಣಮ್ಮ. ಹಾರ್ಮೋನಿ ಪೆಟ್ಟಿಗೆ ಮುಂದೆ ಕುಂತ್ಕಂಡ್ರೆ ಹೋದೋರ ಗಂಟ್ಲೇ ಕೇಳ್ತದೆ. ಹೊಸಾದು ಒಂದೂ ಹುಟ್ತಾ ಇಲ್ಲ."

ನಾಗರಾಜುವಿನ ಕೊಟ್ಟಿಗೆಗೂ ಹೋಗಿ ಕೂತಿದ್ದರಂತೆ. ಅವನು ಹಸು ಕರೆದಾಗ ಶ್ರುತಿ ಸಿಕ್ಕಿತಂತೆ, ಮಟ್ಟು ಮಾತ್ರ ಸಿಗಲಿಲ್ಲವಂತೆ. ಆ ವರ್ಷ ಒಪ್ಪಿಕೊಂಡ ಎಲ್ಲ ಊರಿಗೂ ಹಳೆಯದನ್ನೇ ಅಲ್ಲಿಂದಿಲ್ಲಿಗೆ ಸಾಗಿಸುತ್ತಿದ್ದರು. ಮಾಗಡಿಯದು ಕನಕಪುರಕ್ಕೆ, ಕನಕಪುರದ್ದು ಚನ್ನಪಟ್ಟಣಕ್ಕೆ. ತಾಲೂಕು ದಾಟಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ. ಒಂದು ವಾರದ ಹಿಂದೆ ಮೈಸೂರಿನ ಕಾಲೇಜೊಂದರ ಮೇಡಂ ಮೇಷ್ಟ್ರ ಹಾಡುಗಳನ್ನು ರೆಕಾರ್ಡ್ ಮಾಡಿಕೊಳ್ಳಲು ಬಂದಿದ್ದರಂತೆ. ಮುನ್ನೂರು ವರ್ಷದ ಹಿಂದೆ ಇಟಲಿ ಕಡೆಯೂ ಇಂಥ ಮೇಷ್ಟ್ರುಗಳಿದ್ದರು, ರಾಜರ ಕತೆ ದೇವರ ಕತೆ ತಗೊಂಡು ನಾಟಕಕ್ಕೆ ಹಾಡು ಕಟ್ಟುತ್ತಿದ್ದರು, ಒಬ್ಬೊಬ್ಬ ಹಾಡುಗಾರನ ಗಂಟಲು ನೋಡಿಯೇ ಕಟ್ಟುತ್ತಿದ್ದರು, ಒಂದು ಊರಲ್ಲಿ ಗೆದ್ದ ಹಾಡನ್ನು ಮಾತು ಬದಲಿಸಿ ಇನ್ನೊಂದು ಊರಿನ ನಾಟಕಕ್ಕೆ ಹಾಕಿಬಿಡುತ್ತಿದ್ದರು ಎಂದೆಲ್ಲ ಹೇಳಿದರಂತೆ. "ಹಂಗಾದ್ರೆ ನಮ್ಮ ಕುಲದೋರು ಅಲ್ಲೂ ಅವ್ರೆ" ಎಂದು ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅವರು ಮಾತಾದರೂ ಬದಲಿಸುತ್ತಿದ್ದರು, ನನಗೆ ಅದೂ ಆಗಲಿಲ್ಲ ಅಂದರು. ನನಗೆ ಸಿಟ್ಟು ಇಳಿದು ಭಯವಾಯಿತು.

ತಾಲೂಕು ದಾಟಿದರೆ ಗೊತ್ತಾಗುವುದಿಲ್ಲ ಎಂದುಕೊಂಡವರು ಒಂದು ವಿಷಯ ಮರೆತಿದ್ದರು. ಹಾಡು ದಾಟುವ ಮೊದಲೇ ಹೆಣ್ಣುಮಕ್ಕಳು ತಾಲೂಕು ದಾಟಿ ಹೋಗಿರುತ್ತಾರೆ. ಸಿದ್ದೇಗೌಡರ ಮಗಳು ಭಾಗ್ಯಳನ್ನು ಕೊಟ್ಟಿದ್ದು ಬೈರಾಪಟ್ಟಣಕ್ಕೆ, ಅದೂ ನಾಗರಾಜುವಿನ ತಮ್ಮನಿಗೆ. ಎರಡೂ ಸಂಸಾರ ಒಂದೇ ಮನೆಯಲ್ಲಿ.

ಇದು ನನಗೆ ಗೊತ್ತಾದದ್ದು ಭಾಗ್ಯ ತಾನಾಗಿ ಬಂದು ಮಾತಾಡಿಸಿದಾಗ. ತಾಲೀಮಿಗೆ ಮುಂಚೆ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದೆ. ಸಣ್ಣಗೆ, ಎತ್ತರಕ್ಕೆ ಇದ್ದ ಹೆಂಗಸು, ಕೈಯೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಸಿರು. ನೀವು ನಮ್ಮಪ್ಪನ ಎದುರಿಗೆ ಕುಂತಿ ಮಾಡ್ತಿದ್ರಿ ಅಲ್ವಾ ಅಕ್ಕ ಅಂದಳು. ಮುಖ ನೋಡಿದೆ. ಅದೇ ಮೂಗು, ಅದೇ ಹಣೆ.

ಅಲ್ಲೇ ನಿಂತು ತನ್ನ ಪಾಡು ಹೇಳಿಕೊಂಡಳು. ಭಾವ ಬೆಳಿಗ್ಗೆ ಹಲ್ಲುಜ್ಜುತ್ತಾ ಆ ಹಾಡು ಹೇಳುತ್ತಾನೆ. ಹಾಲು ಕರೆಯುತ್ತಾ ಹೇಳುತ್ತಾನೆ. ಸೊಪ್ಪಿನ ಹೊರೆ ಇಳಿಸುತ್ತಾ ಹೇಳುತ್ತಾನೆ. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಜ್ವರಕ್ಕೆ ಕೂತು ಮನೆಯೆಲ್ಲ ಸದ್ದಿಲ್ಲದೆ ಇರುವ ದಿನಗಳಲ್ಲಂತೂ ಅದೊಂದೇ ಕೇಳುವುದು. ಅಪ್ಪ ಹಾಡಿದ್ದನ್ನು ಅವಳು ಫೋನಿನಲ್ಲಿ ಇಟ್ಟುಕೊಂಡಿದ್ದಳು. ತಿಂಗಳ ತಿಥಿಯ ದಿನ ಒಮ್ಮೆ ಹಾಕಿಕೊಂಡು ಮತ್ತೆ ಎತ್ತಿಡುತ್ತಿದ್ದಳು. ಈಗ ಅದನ್ನು ಹಾಕಿಕೊಂಡರೂ ಭಾವನ ಗಂಟಲೇ ಕೇಳುತ್ತದೆ ಅಂದಳು. ಆ ಹಾಡು ಬೇಡ ಎಂದು ಮೇಷ್ಟ್ರಿಗೆ ಹೇಳಿ ಎಂದು ನನ್ನ ಕೈ ಹಿಡಿದುಕೊಂಡಳು.

ಮೇಷ್ಟ್ರಿಗೆ ಹೇಳಿದೆ. ಅವರು ಅಂದು ತಾಲೀಮು ನಡೆಸಲಿಲ್ಲ, ಮೈ ಸರಿಯಿಲ್ಲ ಅಂದರು. ಮಾರನೆಯ ದಿನ ಮಧ್ಯಾಹ್ನವೇ ಬಂದು, ನನ್ನನ್ನೂ ಕರೆದುಕೊಂಡು ನಾಗರಾಜುವಿನವರ ಹುಳದ ಮನೆಗೆ ಹೋದರು. ಭಾಗ್ಯ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಮೇಷ್ಟ್ರು ಬಾಗಿಲಲ್ಲೇ ನಿಂತು, ತೆಗೆದುಬಿಡ್ತೀನಿ ಕಣವ್ವ, ಬೇರೆ ಯಾವುದಾದರೂ ಹಾಕ್ತೀನಿ, ಆದರೆ ಒಂದು ಮಾತು, ನಾನು ತೆಗೆದರೆ ಇನ್ನು ಅದನ್ನು ಹಾಡುವವರು ಯಾರೂ ಇರಲ್ಲ ಅಂದರು.

ಅವಳು ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. ಹುಳ ಸೊಪ್ಪು ತಿನ್ನುವ ಸದ್ದಿನ ನಡುವೆ ನಮ್ಮ ಕಡೆ ತಿರುಗದೆಯೇ ಹೇಳಿದಳು.

"ಹಾಡೋದ್ಕಲ್ಲ ಮೇಷ್ಟ್ರೆ ನನ್ ಸಂಕ್ಟ. ನಮ್ಮಪ್ಪ ಅಲ್ಲಿ ಉಸ್ರು ತಗತಿದ್ರು. ಭಾವ ಆ ಜಾಗನೇ ಮುಚ್ಚಾಕ್ಬುಟ್ರು."

ಚಿಕ್ಕಂದಿನಿಂದ ಅವಳು ಪ್ರತಿ ನಾಟಕದಲ್ಲೂ ಮುಂದುಗಡೆ ಕೂತಿರುತ್ತಿದ್ದಳಂತೆ. ಜನವೆಲ್ಲ ಕರ್ಣನನ್ನು ನೋಡಿದರೆ ಅವಳು ಅಪ್ಪನ ಎದೆ ನೋಡುತ್ತಿದ್ದಳಂತೆ. ಈ ಸಲ ಉಸಿರು ಸಿಗುತ್ತದೋ ಇಲ್ಲವೋ ಎಂದು ಹೆದರಿ ಮುಷ್ಟಿ ಬಿಗಿಹಿಡಿದು ಕೂತಿರುತ್ತಿದ್ದಳು. ಪ್ರತಿ ಸಲವೂ ಸಿಗುತ್ತಿತ್ತು. ಅಪ್ಪ ಮುಂದಿನ ಮಾತು ಎತ್ತಿದ ಮೇಲೆ ಇವಳು ಮುಷ್ಟಿ ಸಡಿಲಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಸಿಗಲಿಲ್ಲ, ಅಲ್ಲಿ ನೋಡಲು ಇವಳೂ ಇರಲಿಲ್ಲ. ಇದನ್ನು ಹೇಳಿ ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಸೊಪ್ಪಿಗೆ ಹೋದಳು.

ಅಂದು ಸಂಜೆ ತಾಲೀಮಿನಲ್ಲಿ ಮೇಷ್ಟ್ರು ನಾಗರಾಜುವಿಗೆ ವಿಷಯ ತಿಳಿಸಿದರು. ಇದು ನಿಮ್ಮ ತಮ್ಮನ ಮಾವನಿಗೆ ಕಟ್ಟಿದ ಮಟ್ಟು, ಅಲ್ಲಿ ನಿಂತು ಮೇಲೆ ನೋಡಬೇಕು ಅಂದರು. ನಾಗರಾಜುವಿನ ಮುಖ ಕೆಂಪಾಯಿತು. ಸಿದ್ದೇಗೌಡರ ನಾಟಕ ಎಂದೂ ನೋಡಿರದೆ, ಅದು ತನಗಾಗಿ ಕಟ್ಟಿದ್ದು ಎಂದುಕೊಂಡಿದ್ದ ಮನುಷ್ಯ. ಅವನ ಸಿಟ್ಟಿನಲ್ಲಿ ನ್ಯಾಯ ಇರಲಿಲ್ಲ ಅನ್ನಲಾರೆ. ಆದರೆ ಅವನು ಅದನ್ನು ಮೇಷ್ಟ್ರ ಮೇಲೆ ತೀರಿಸಲಿಲ್ಲ. ಮನೆಗೆ ಹೋಗಿ ಭಾಗ್ಯಳ ಮೇಲೆ ತೀರಿಸಿದ. ನಿಮ್ಮಪ್ಪನ ಜಮೀನಾ ಅದು ಬೇಲಿ ಹಾಕಿಕೊಳ್ಳಲು ಎಂದು ಕೇಳಿದನಂತೆ. ಅವಳು ಹಾಡಬೇಡಿ ಅಂತಿಲ್ಲ ಭಾವ, ಅಲ್ಲಿ ಒಸಿ ನಿಂತ್ಕಳಿ ಅಷ್ಟೇ ಅಂದಳಂತೆ. ಅಲ್ಲಿ ನಿಂತರೆ ಜನ ನನಗೆ ಉಸಿರಿಲ್ಲ ಅಂತಾರೆ, ಗೂರಲು ರೋಗದವನ ಹಾಡು ನಾನು ಗೂರಲು ರೋಗದವನ ಹಾಗೆ ಹಾಡಬೇಕಾ ಎಂದನಂತೆ. ಅವಳ ಗಂಡ ಅಣ್ಣನಿಗೆ ಎದುರಾಡುವವನಲ್ಲ. ಅಂದಿನಿಂದ ಭಾಗ್ಯ ಆ ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಹುಳದ ಮನೆಯಲ್ಲೇ ಚಾಪೆ ಹಾಕಿಕೊಂಡಳು.

ಮೇಷ್ಟ್ರು ಹೊಸ ಮಟ್ಟು ಕಟ್ಟಲು ಒದ್ದಾಡಿದರು. ಒಂದು ದಿನ ನಾನು ಚನ್ನಪಟ್ಟಣದ ಅವರ ಬಾಡಿಗೆ ರೂಮಿಗೆ ಹೋದಾಗ ಪೆಟ್ಟಿಗೆಯ ಮುಂದೆ ಕೂತಿದ್ದರು. ಹಗಲು ಬೊಂಬೆ ಕಡೆದು ನಾಟಕಕ್ಕೆ ತಬಲ ಬಾರಿಸುವ ಖಾದರ್ ಸಾಬರು ಕೈಯ ಅರಗಿನ ಬಣ್ಣವನ್ನೂ ತೊಳೆಯದೆ ಬಂದು ಎದುರಿಗೆ ಕಾದು ಕೂತಿದ್ದರು. ಮೇಷ್ಟ್ರು ಒಂದು ಸಾಲು ನುಡಿಸುತ್ತಿದ್ದರು, ಇದೂ ಅದೇ ಅಲ್ವಾ ಸಾಬ್ರೆ ಎಂದು ಕೇಳುತ್ತಿದ್ದರು. ಸಾಬರು ಸುಳ್ಳು ಹೇಳಲಾರದೆ ತಬಲದ ಪುಡಿ ಒರೆಸುತ್ತಾ ಕೂತರು. ಎಲ್ಲ ದಾರಿಯೂ ಸಿದ್ದೇಗೌಡರ ಏದುಸಿರಿಗೇ ಬಂದು ನಿಲ್ಲುತ್ತಿತ್ತು.

ನಾಟಕದ ದಿನ ಬಂತು. ರಾತ್ರಿ ಮೈಕಿಗೆ ಪರ್ಮಿಷನ್ ಸಿಗದೆ ಹಗಲೇ ಇಟ್ಟುಕೊಂಡಿದ್ದರು. ಶಾಲೆಯ ಕೋಣೆಯಲ್ಲಿ ಮೇಕಪ್ಪು, ಅಲ್ಲೇ ಆ ಗೋಂದಿನ ವಾಸನೆ. ನಾಗರಾಜು ಮೀಸೆ ಅಂಟಿಸಿಕೊಳ್ಳುತ್ತಾ ಕನ್ನಡಿಯಲ್ಲಿ ನನ್ನನ್ನು ನೋಡಿ, ಇವತ್ತು ಒನ್ಸ್ ಮೋರ್ ಬೀಳಬೇಕು ರತ್ನಮ್ಮ ಅಂದ. ಬೀಳುತ್ತೆ ಬುಡಿ ಅಂದೆ.

ಪರದೆ ಎದ್ದದ್ದು ಬೆಳಿಗ್ಗೆ, ನಮ್ಮ ಸೀನು ಬರುವಷ್ಟರಲ್ಲಿ ಇಳಿಬಿಸಿಲು ಶಾಮಿಯಾನದ ಅಂಚಿನಿಂದ ತೂರಿ ಸ್ಟೇಜಿನ ಮೇಲೆ ಬೀಳುತ್ತಿತ್ತು. ಹಿಂದೆ ಹೊಳೆಯ ಸೀನರಿ. ಕೆಳಗೆ ಬಲಗಡೆ ಮೇಷ್ಟ್ರು, ಕಾಲಲ್ಲಿ ತುಳಿಯುವ ದೊಡ್ಡ ಹಾರ್ಮೋನಿಯಂ. ಭಾಗ್ಯ ಬರುವುದಿಲ್ಲ ಅಂದುಕೊಂಡಿದ್ದೆ. ಹೆಂಗಸರ ಹಿಂದೆ, ಶಾಮಿಯಾನದ ಕಂಬ ಹಿಡಿದು ನಿಂತಿದ್ದಳು.

ನಾಗರಾಜು ಹಾಡಿದ. ಚೆನ್ನಾಗಿಯೇ ಹಾಡಿದ, ಸುಳ್ಳು ಯಾಕೆ ಹೇಳಲಿ. 'ಮಗನ' ಎಂದು ಎತ್ತಿ ಆ ಆಲಾಪವನ್ನು ಸುತ್ತಿ ಸುತ್ತಿ ಇಳಿಸಿದ. ಶಿಳ್ಳೆ, ಚಪ್ಪಾಳೆ, ಒನ್ಸ್ ಮೋರ್ ಎಂಬ ಕೂಗು. ಯಾರೋ ಹಾರ ತಂದು ಹಾಕಿದರು. ಅವನು ಕಿರೀಟ ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಎತ್ತಿದ. ನಾನು ಕಂಬದ ಕಡೆ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

ಹೊಳೆಗೆ ಕೊಟ್ಟ ಮಗನ ಎಂದ. ಮೇಷ್ಟ್ರು ಹಾರ್ಮೋನಿಯಂ ಮನೆಗಳ ಮೇಲಿಂದ ಎರಡೂ ಕೈ ಎತ್ತಿದರು. ಕಾಲನ್ನೂ ತೆಗೆದರು. ಅವರ ಕಾಲನ್ನೇ ನೋಡುತ್ತಿದ್ದ ಖಾದರ್ ಸಾಬರ ತಬಲವೂ ನಿಂತಿತು.

ಶ್ರುತಿ ಇಲ್ಲದ ಆಲಾಪ ಒಂದು ಸುತ್ತು ಹೋಗಿ ನಡುಗಿತು. ನಾಗರಾಜು ನಿಂತ. ಕೆಳಗೆ ಮೇಷ್ಟ್ರನ್ನು ನುಂಗುವಂತೆ ನೋಡಿದ. ಮೈಕು ಗುಂಯ್ ಅನ್ನುತ್ತಿತ್ತು. ಜನರಲ್ಲಿ ಗುಸುಗುಸು ಎದ್ದಿತು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಅವನು ಬಾಯಿಗೆ ಬಂದದ್ದು ಬೈದು ನಾಟಕ ಅಲ್ಲಿಗೇ ಮುಗಿಯುತ್ತಿತ್ತು. ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು, ಆದರೂ ಕೈ ಇಳಿಸಲಿಲ್ಲ. ನಾಟಕದಲ್ಲಿ ಇಲ್ಲದ ಮಾತೊಂದನ್ನು ನಾನು ಹಾಕಿದೆ.

"ಮೇಲೆ ನೋಡು ಮಗನೆ. ಅಲ್ಲಿದ್ದಾನೆ ನಿನ್ನ ತಂದೆ."

ಅವನಿಗೆ ಬೇರೆ ದಾರಿಯಿರಲಿಲ್ಲ, ನೋಡಿದ. ಬಿಸಿಲು ಕಣ್ಣಿಗೆ ಕುಕ್ಕಿ ಮುಖ ಹಿಂಡಿದ. ಅಷ್ಟು ಹೊತ್ತು ಕೂಗಿದ್ದ ಎದೆ ತಾನಾಗಿಯೇ ಒಮ್ಮೆ ಏರಿ ಇಳಿಯಿತು. ಗುಸುಗುಸು ನಿಂತಿತು. ಆಗ ಹಾರ್ಮೋನಿಯಂ ಮೆಲ್ಲಗೆ ಬಂತು, ಅವನು ಸಣ್ಣ ದನಿಯಲ್ಲಿ ಕರೆವೆಯಾ ಈಗ ಎಂದು ಮುಗಿಸಿದ. ಯಾರೂ ಶಿಳ್ಳೆ ಹೊಡೆಯಲಿಲ್ಲ. ಮುಂದೆ ಕೂತ ಹೆಂಗಸರು ಸೆರಗು ಮುಖಕ್ಕೆ ತೆಗೆದುಕೊಂಡಿದ್ದರು. ನಾನು ಆಗ ಕಂಬದ ಕಡೆ ನೋಡಿದೆ. ಭಾಗ್ಯಳ ಎರಡೂ ಮುಷ್ಟಿ ಬಿಗಿದಿದ್ದವು. ನೋಡುತ್ತಿದ್ದಂತೆ ಸಡಿಲವಾದವು.

ಕೋಣೆಗೆ ಬಂದ ನಾಗರಾಜು ಕಿರೀಟ ಕಿತ್ತು ಟ್ರಂಕಿಗೆ ಎಸೆದ. ಊರಿನವರ ಎದುರಿಗೆ ನನ್ನ ಮರ್ಯಾದೆ ತೆಗೆದರು ಎಂದು ಕೂಗಾಡಿದ. ಮೇಷ್ಟ್ರು ಬಾಗಿಲಿಗೆ ಬಂದು ಕೈ ಮುಗಿದು, ತಪ್ಪಾಯ್ತು ಗೌಡ್ರೆ, ಕಾಲು ಸೋತೋಯ್ತು, ತುಳಿಯಕ್ಕಾಗ್ನಿಲ್ಲ ಅಂದರು. ಅಷ್ಟು ಸುಲಭವಾಗಿ ಅವರು ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆ ಊರಿನಿಂದ ಮತ್ತೆ ನನಗಾಗಲಿ ಅವರಿಗಾಗಲಿ ಕರೆ ಬರಲಿಲ್ಲ. ಸುತ್ತಲ ಊರುಗಳಿಗೂ ಸುದ್ದಿ ಹಬ್ಬಿತು, ಮೇಷ್ಟ್ರು ನಡುವೆ ಕೈ ಬಿಡುತ್ತಾರೆ ಎಂದು. ಮಳೆಗಾಲಕ್ಕೆ ಅವರು ಮಾಗಡಿಯ ತಂಗಿ ಮನೆ ಸೇರಿದರು, ಅಲ್ಲಿಯೇ ತೀರಿಕೊಂಡರು. ನನಗೆ ತಿಳಿದು ಹೋಗುವಷ್ಟರಲ್ಲಿ ಹನ್ನೊಂದು ದಿನದ ಕಾರ್ಯವೂ ಮುಗಿದಿತ್ತು. ಹಾರ್ಮೋನಿಯಂ ಅನ್ನು ಗೋಣಿಚೀಲದಲ್ಲಿ ಸುತ್ತಿ ರಾಗಿ ಮೂಟೆಗಳ ಪಕ್ಕ ಇಟ್ಟಿದ್ದರು. ಕಡೆಯ ದಿನಗಳಲ್ಲಿ ಏನಾದರೂ ನುಡಿಸುತ್ತಿದ್ದರಾ ಎಂದು ಕೇಳಿದೆ. ಸುಮ್ಮನೆ ಕಾಲಲ್ಲಿ ತುಳಿದು ಗಾಳಿ ಬಿಡಿಸೋರು, ಬೆರಳು ಇಡುತ್ತಿರಲಿಲ್ಲ ಅಂದರು ಅವರ ತಂಗಿ. ಬಸ್ಸಿನಲ್ಲಿ ವಾಪಸ್ಸು ಬರುವಾಗ ತಡೆಯಲಾಗದೆ ಅತ್ತುಬಿಟ್ಟೆ.

ಸ್ಕೂಲ್ ಡೇ ಆದ ವಾರಕ್ಕೆ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಭಾಗ್ಯ ಸಿಕ್ಕಳು. ದೊಡ್ಡಮಳೂರಿನ ದೇವಸ್ಥಾನಕ್ಕೆ ಹೊರಟಿದ್ದಳು, ಸೊಂಟದಲ್ಲಿ ಕೂಸು. ಮನೆ ಸಮಾಚಾರ ಕೇಳಿದೆ. ಭಾವ ಈಗ ದೊಡ್ಡ ಕರ್ಣ, ಕನಕಪುರದ ತನಕ ಕರೆಯುತ್ತಾರಂತೆ. ಆ ಹಾಡಿನಲ್ಲಿ ಅವನು ಆ ಜಾಗಕ್ಕೆ ನಿಲ್ಲುತ್ತಾನಂತೆ. ನಿಂತು ತಲೆಯೆತ್ತುತ್ತಾನಂತೆ, ರಾತ್ರಿಯಾಗಿದ್ದರೆ ಫೋಕಸ್ ಲೈಟನ್ನೇ ನೋಡುತ್ತಾನಂತೆ. ಅದಕ್ಕೇ ಒನ್ಸ್ ಮೋರ್ ಬೀಳುವುದಂತೆ. ಬೈರಾಪಟ್ಟಣದ ಹುಡುಗರು ಬೈಕಿನ ಮೇಲೆ ಹಾಡಿಕೊಂಡು ಹೋಗುವಾಗಲೂ ಅಲ್ಲಿ ನಿಲ್ಲಿಸುತ್ತಾರಂತೆ. ಯಾರಾದರೂ ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರೆ, ಆ ಜಾಗ ಯಾರೂ ಹೇಳಿಕೊಟ್ಟದ್ದಲ್ಲ, ನಂದೇ ಐಡಿಯಾ ಅನ್ನುತ್ತಾನಂತೆ.

ನನಗೆ ಮೈಯೆಲ್ಲ ಉರಿಯಿತು. ಎಲ್ಲಾದರೂ ಸಿಗಲಿ, ನಾಲ್ಕು ಜನರ ಮುಂದೆ ಕೇಳುತ್ತೇನೆ ಅಂದೆ. ಭಾಗ್ಯ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

"ಅಂದ್ಕಳ್ಳಿ ಬುಡಕ್ಕ. ನಿಂತ್ಕತಾರಲ್ಲ."